ಟೆಸ್ಟ್ ಟ್ಯೂಬಿನಲ್ಲಿ ನಿಜಕ್ಕೂ ಏನು ಬದಲಾಯಿತು?

(ದಾವಣಗೆರೆಯಲ್ಲಿ ಪಿಯುಸಿ ವಿದ್ಯಾರ್ಥಿಗಳು ಮತ್ತು ಹೈಸ್ಕೂಲ್ ವಿಜ್ಞಾನ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಸಂಕೇತಗಳಲ್ಲಿ ಬರೆದಿದ್ದ ಸಮೀಕರಣಗಳನ್ನು ಇಲ್ಲಿ ಹೆಸರುಗಳಲ್ಲೇ ಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಎರಡು ಟೆಸ್ಟ್ ಟ್ಯೂಬ್ ಇಟ್ಟಿದ್ದೇನೆ. ಒಂದರಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣ. ಇನ್ನೊಂದರಲ್ಲಿ ಅಡುಗೆ ಉಪ್ಪಿನ ದ್ರಾವಣ. ಎರಡೂ ತಿಳಿಯಾಗಿವೆ. ಈಗ ಒಂದನ್ನು ಇನ್ನೊಂದಕ್ಕೆ ಸುರಿಯುತ್ತೇನೆ. ನೋಡಿದ್ರಾ? ಸುರಿದ ಕೂಡಲೇ ಮೊಸರು ಒಡೆದಂಥ ಬಿಳಿ ಪ್ರಕ್ಷೇಪ, ಅಂದರೆ ದ್ರಾವಣದಿಂದ ಬೇರೆಯಾದ ಘನ, ಬಂತು.

ಇದಕ್ಕೆ ಸಮೀಕರಣ ಬರೆಯಿರಿ ಅಂದರೆ ನೀವೆಲ್ಲ ಬರೆಯುತ್ತೀರಿ. ಎಸ್‌ಎಸ್‌ಎಲ್‌ಸಿಯಿಂದಲೇ ಕೈಗೆ ಅಭ್ಯಾಸ ಆಗಿದೆ.

ಸಿಲ್ವರ್ ನೈಟ್ರೇಟ್ + ಸೋಡಿಯಂ ಕ್ಲೋರೈಡ್ → ಸಿಲ್ವರ್ ಕ್ಲೋರೈಡ್ + ಸೋಡಿಯಂ ನೈಟ್ರೇಟ್

ಪಕ್ಕದಲ್ಲಿ ದ್ವಿಸ್ಥಾನಪಲ್ಲಟ ಕ್ರಿಯೆ ಅಂತ ಬರೆದರೆ ಅಂಕ ಸಿಗುತ್ತದೆ. ಸಮೀಕರಣ ಸರಿದೂಗಿದೆ ಕೂಡ. ಆದರೆ ಇದನ್ನು ಓದಿದವರಿಗೆ ಏನನ್ನಿಸುತ್ತದೆ ಹೇಳಿ. ಒಳಗೆ ಸಿಲ್ವರ್ ನೈಟ್ರೇಟ್ ಅನ್ನುವ ಒಂದು ಜೋಡಿ ಇತ್ತು, ಸೋಡಿಯಂ ಕ್ಲೋರೈಡ್ ಅನ್ನುವ ಇನ್ನೊಂದು ಜೋಡಿ ಇತ್ತು, ಎರಡೂ ಎದುರಾದವು, ಅದಲುಬದಲು ಮಾಡಿಕೊಂಡವು, ಕೊನೆಗೆ ಎರಡು ಹೊಸ ವಸ್ತು ಹುಟ್ಟಿದವು ಅನ್ನಿಸುತ್ತದೆ. ಹಾಗೇನೂ ನಡೆದಿಲ್ಲ. ಹುಟ್ಟಿದ್ದು ಒಂದೇ ವಸ್ತು. ಸೋಡಿಯಂ ನೈಟ್ರೇಟ್ ಅಂತ ಬರೆದೆವಲ್ಲ, ಆ ಜೋಡಿ ಟ್ಯೂಬಿನಲ್ಲಿ ಎಲ್ಲೂ ಇಲ್ಲ.

ಟ್ಯೂಬಿನಲ್ಲಿ ಏನು ಬದಲಾಯಿತು? ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವುದು ನಿವ್ವಳ ಅಯಾನಿಕ ಸಮೀಕರಣ. ಅದನ್ನು ನಾವು ಪರೀಕ್ಷೆಯ ಒಂದು ಹೆಚ್ಚುವರಿ ಹಂತ ಅಂತ ಕಲಿಸುತ್ತಿದ್ದೇವೆ, ಎರಡೂ ಕಡೆ ಒಂದೇ ಥರ ಇರೋದನ್ನ ಹೊಡೆದುಹಾಕಿ ಅಂತ ಹೇಳಿ ಮುಗಿಸುತ್ತಿದ್ದೇವೆ. ಅದು ನನಗೆ ತುಂಬಾ ಬೇಸರ ತರುವ ವಿಷಯ. ಯಾಕಂದ್ರೆ ರಸಾಯನಶಾಸ್ತ್ರ ಇಷ್ಟ ಆಗೋದು ಇಲ್ಲಿಂದಲೇ ಶುರುವಾಗಬಹುದು.

ಉಪ್ಪು ನೀರಿಗೆ ಬಿದ್ದರೆ ಏನಾಗುತ್ತದೆ? ಸೋಡಿಯಂ ಅಯಾನು ಬೇರೆ, ಕ್ಲೋರೈಡ್ ಅಯಾನು ಬೇರೆ. ಅಯಾನು ಅಂದರೆ ಚಾರ್ಜ್ ಇರುವ ಕಣ. ಎರಡನ್ನೂ ನೀರಿನ ಅಣುಗಳು ಸುತ್ತುವರಿಯುತ್ತವೆ. ಯಾವ ಸೋಡಿಯಂ ಯಾವ ಕ್ಲೋರೈಡ್ ಜೊತೆ ಇತ್ತು ಅನ್ನುವ ಲೆಕ್ಕ ಅಲ್ಲಿಗೆ ಮುಗಿಯಿತು. ಸಿಲ್ವರ್ ನೈಟ್ರೇಟ್ ಕಥೆಯೂ ಅಷ್ಟೇ. ಹಾಗಾಗಿ ನಾನು ಸುರಿದಾಗ ಟ್ಯೂಬಿನಲ್ಲಿ ಇದ್ದದ್ದು ನಾಲ್ಕು ಬಗೆಯ ಬಿಡಿ ಅಯಾನುಗಳು. ಅದನ್ನು ಇದ್ದ ಹಾಗೇ ಬರೆದರೆ ಪೂರ್ಣ ಅಯಾನಿಕ ಸಮೀಕರಣ:

ಸಿಲ್ವರ್⁺ + ನೈಟ್ರೇಟ್⁻ + ಸೋಡಿಯಂ⁺ + ಕ್ಲೋರೈಡ್⁻ → ಸಿಲ್ವರ್ ಕ್ಲೋರೈಡ್ (ಘನ) + ಸೋಡಿಯಂ⁺ + ನೈಟ್ರೇಟ್⁻

ಎಡಗಡೆ ಸೋಡಿಯಂ ಹೇಗಿದೆಯೋ ಬಲಗಡೆಯೂ ಹಾಗೇ ಇದೆ. ನೈಟ್ರೇಟ್ ಕೂಡ ಹಾಗೇ ಇದೆ. ಅವು ಸುಮ್ನೆ ನೋಡುತ್ತಾ ಇದ್ದವು, ಅದಕ್ಕೇ ಅವುಗಳನ್ನು ಪ್ರೇಕ್ಷಕ ಅಯಾನು ಅನ್ನುತ್ತೇವೆ. ಬದಲಾಗಿದ್ದು ಇಷ್ಟೇ, ಇದೇ ನಿವ್ವಳ ಅಯಾನಿಕ ಸಮೀಕರಣ:

ಸಿಲ್ವರ್⁺ + ಕ್ಲೋರೈಡ್⁻ → ಸಿಲ್ವರ್ ಕ್ಲೋರೈಡ್ (ಘನ)

ಯಾಕೆ ಈ ಎರಡೇ ಕೂಡಿಕೊಂಡವು? ಅಡುಗೆ ಉಪ್ಪು ಒಂದು ಲೀಟರ್ ನೀರಿಗೆ ಸುಮಾರು 360 ಗ್ರಾಂ ಕರಗುತ್ತದೆ. ಸಿಲ್ವರ್ ಕ್ಲೋರೈಡ್ ಒಂದು ಲೀಟರಿಗೆ 2 ಮಿಲಿಗ್ರಾಂ ಕೂಡ ಕರಗುವುದಿಲ್ಲ. ಇವೆರಡು ಅಯಾನು ಒಂದೇ ನೀರಿನಲ್ಲಿ ಜಾಸ್ತಿ ಇದ್ದರೆ ಘನವಾಗಿ ಹೊರಗೆ ಬರಲೇಬೇಕು.

ಈಗ ಸ್ವಲ್ಪ ಮುಂದೆ ಹೋಗೋಣ. ಅಡುಗೆ ಉಪ್ಪಿನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಹಾಕಿದರೆ? ಅಮೋನಿಯಂ ಕ್ಲೋರೈಡ್? ಕ್ಯಾಲ್ಸಿಯಂ ಕ್ಲೋರೈಡ್? ಹೈಡ್ರೋಕ್ಲೋರಿಕ್ ಆಮ್ಲ? ನಿಮ್ಮ ನೋಟ್‌ಬುಕ್ಕಿನಲ್ಲಿ ಅವು ನಾಲ್ಕು ಬೇರೆ ಬೇರೆ ಸಮೀಕರಣ. ಟ್ಯೂಬಿನಲ್ಲಿ ಮಾತ್ರ ಒಂದೇ ಕ್ರಿಯೆ. ಅದೇ ಬಿಳಿ ಪ್ರಕ್ಷೇಪ, ಅದೇ ಒಂದು ಸಾಲು.

ಇದು ನಮ್ಮ ಅನುಕೂಲಕ್ಕೆ ಮಾಡಿಕೊಂಡ ಊಹೆ ಅಂತ ಯಾರಿಗಾದರೂ ಅನ್ನಿಸಿದರೆ, ಥರ್ಮಾಮೀಟರ್ ಹಿಡಿದು ಪರೀಕ್ಷಿಸಬಹುದು. ತೆಳು ದ್ರಾವಣಗಳಲ್ಲಿ ಒಂದು ಮೋಲ್ ಸಿಲ್ವರ್ ಕ್ಲೋರೈಡ್ ಪ್ರಕ್ಷೇಪವಾದರೆ ಸುಮಾರು 65 ಕಿಲೋಜೂಲ್ ಶಾಖ ಹೊರಬರುತ್ತದೆ. ಕ್ಲೋರೈಡ್ ಯಾವ ಬಾಟಲಿಯಿಂದ ಬಂದರೂ ಹೆಚ್ಚುಕಡಿಮೆ ಅಷ್ಟೇ. ಸೋಡಿಯಂ, ಪೊಟ್ಯಾಸಿಯಂ ಕ್ರಿಯೆಯಲ್ಲಿ ಭಾಗವಹಿಸಿದ್ದರೆ ಈ ಸಂಖ್ಯೆ ಬೇರೆ ಬೇರೆ ಆಗಬೇಕಿತ್ತು ಅಲ್ವಾ? ಪ್ರಬಲ ಆಮ್ಲ, ಪ್ರಬಲ ಪ್ರತ್ಯಾಮ್ಲದ ತಟಸ್ಥೀಕರಣದಲ್ಲೂ ಇದೇ ಕಾಣುತ್ತದೆ. ಯಾವ ಜೋಡಿ ತೆಗೆದುಕೊಂಡರೂ ಮೋಲಿಗೆ ಸುಮಾರು 57 ಕಿಲೋಜೂಲ್. ಯಾಕಂದ್ರೆ ಎಲ್ಲ ಕಡೆ ನಡೆಯುವುದು ಹೈಡ್ರೋಜನ್⁺ ಮತ್ತು ಹೈಡ್ರಾಕ್ಸೈಡ್⁻ ಸೇರಿ ನೀರಾಗುವುದು, ಅಷ್ಟೇ.

ಇನ್ನೊಂದು ಪ್ರಯೋಗ ಇನ್ನೂ ಸರಳ. ಅಡುಗೆ ಉಪ್ಪಿನ ದ್ರಾವಣಕ್ಕೆ ಪೊಟ್ಯಾಸಿಯಂ ನೈಟ್ರೇಟ್ ದ್ರಾವಣ ಸುರಿಯಿರಿ. ಏನೂ ಆಗುವುದಿಲ್ಲ. ಶಾಖವೂ ಇಲ್ಲವೆನ್ನುವಷ್ಟು ಕಡಿಮೆ. 1840ರ ದಶಕದ ಆರಂಭದಲ್ಲೇ ರಷ್ಯಾದಲ್ಲಿದ್ದ ಹೆಸ್ ಅನ್ನುವ ವಿಜ್ಞಾನಿ ಇದನ್ನು ಗಮನಿಸಿದ್ದರು. ತಟಸ್ಥ ಲವಣಗಳ ದ್ರಾವಣಗಳನ್ನು ಬೆರೆಸಿದಾಗ, ಪ್ರಕ್ಷೇಪ ಬಾರದೇ ಇದ್ದರೆ, ಶಾಖ ಬರುವುದಿಲ್ಲ ಅಂತ. ಕಾರಣ ಆಗ ಗೊತ್ತಿರಲಿಲ್ಲ. 1884ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಅರೇನಿಯಸ್ ಅನ್ನುವ ಯುವಕ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ದ್ರಾವಣಗಳ ವಿದ್ಯುತ್ ವಾಹಕತೆಯನ್ನು ಕೈಗೆತ್ತಿಕೊಂಡ. ಲವಣಗಳು ನೀರಿನಲ್ಲಿ ತಾವಾಗಿಯೇ ಅಯಾನುಗಳಾಗಿ ಬಿಡಿಬಿಡಿಯಾಗುತ್ತವೆ ಅನ್ನುವ ಸಿದ್ಧಾಂತ ಮುಂದಿನ ಕೆಲವೇ ವರ್ಷಗಳಲ್ಲಿ ಅದರಿಂದ ಬೆಳೆಯಿತು. ಪ್ರಬಂಧಕ್ಕೆ ಅಲ್ಲಿನ ಪ್ರಾಧ್ಯಾಪಕರು ಕೊಟ್ಟ ದರ್ಜೆ ಬಹಳ ಕಡಿಮೆ. 1903ರಲ್ಲಿ ಅದೇ ಸಿದ್ಧಾಂತಕ್ಕೆ ನೊಬೆಲ್ ಬಂತು. ಬಿಡಿ ಅಯಾನುಗಳು ಅಂತ ಒಪ್ಪಿಕೊಂಡರೆ ಹೆಸ್ ನೋಡಿದ್ದು ಕೂಡಲೇ ಅರ್ಥವಾಗುತ್ತದೆ. ಬೆರೆಸುವ ಮೊದಲು ನಾಲ್ಕು ಅಯಾನು, ಬೆರೆಸಿದ ಮೇಲೂ ಅದೇ ನಾಲ್ಕು ಅಯಾನು. ಕ್ರಿಯೆಯೇ ಇಲ್ಲ, ಶಾಖ ಎಲ್ಲಿಂದ ಬರಬೇಕು?

ಹಾಗಾಗಿ ಎಲ್ಲವೂ ಹೊಡೆದುಹೋದರೆ ಗಾಬರಿ ಬೇಡ. ಕ್ರಿಯೆ ಇಲ್ಲ ಅಂತ ಬರೆಯಿರಿ. ಅದು ಪೂರ್ತಿ ಸರಿಯಾದ ಉತ್ತರ.

ಈಗ ಕಷ್ಟದ ಭಾಗ. ಹೊಡೆದುಹಾಕುವುದು ಸುಲಭ, ಅದರಲ್ಲಿ ಏನೂ ಇಲ್ಲ. ಯಾವುದನ್ನು ಬಿಡಿಸಿ ಬರೆಯಬೇಕು, ಯಾವುದನ್ನು ಇಡಿಯಾಗಿ ಬಿಡಬೇಕು ಅನ್ನುವುದೇ ಇಲ್ಲಿನ ನಿಜವಾದ ಕೆಲಸ. ಒಂದೇ ಮಾತು ನೆನಪಿಡಿ: ನೀರಿನಲ್ಲಿ ಅದು ಹೇಗಿದೆಯೋ ಹಾಗೇ ಬರೆಯಬೇಕು. ಕರಗಿ ಅಯಾನುಗಳಾಗಿದ್ದರೆ ಅಯಾನು. ಘನವಾಗಿ ತಳ ಸೇರಿದ್ದರೆ ಇಡೀ ಹೆಸರು. ಕರಗಿದ್ದರೂ ಹೆಚ್ಚಿನದು ಅಣುವಾಗಿಯೇ ಉಳಿದಿದ್ದರೆ, ಆಗಲೂ ಇಡೀ ಹೆಸರು.

ಯಾವುದು ಕರಗುತ್ತದೆ ಅನ್ನುವ ನಿಯಮಗಳು ನಿಮ್ಮ ಪುಸ್ತಕದಲ್ಲಿವೆ, ಬೇಗ ಹೇಳಿ ಮುಗಿಸುತ್ತೇನೆ. ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಲವಣಗಳು ಕರಗುತ್ತವೆ. ನೈಟ್ರೇಟ್‌ಗಳೆಲ್ಲ ಕರಗುತ್ತವೆ. ಕ್ಲೋರೈಡ್‌ಗಳು ಕರಗುತ್ತವೆ, ಸಿಲ್ವರ್ ಮತ್ತು ಲೆಡ್ ಬಿಟ್ಟು. ಸಲ್ಫೇಟ್‌ಗಳು ಕರಗುತ್ತವೆ, ಬೇರಿಯಂ, ಸ್ಟ್ರಾನ್ಷಿಯಂ, ಲೆಡ್ ಬಿಟ್ಟು, ಕ್ಯಾಲ್ಸಿಯಂ ಸಲ್ಫೇಟ್ ಸ್ವಲ್ಪ ಮಾತ್ರ. ಕಾರ್ಬೊನೇಟ್, ಫಾಸ್ಫೇಟ್, ಸಲ್ಫೈಡ್, ಹೈಡ್ರಾಕ್ಸೈಡ್‌ಗಳಲ್ಲಿ ಹೆಚ್ಚಿನವು ಕರಗುವುದಿಲ್ಲ. ಇದನ್ನು ಗಿಣಿಪಾಠ ಮಾಡುವುದಕ್ಕಿಂತ ಲ್ಯಾಬಿನಲ್ಲಿ ನೋಡಿದ ಬಣ್ಣಗಳ ಜೊತೆ ನೆನಪಿಟ್ಟುಕೊಳ್ಳಿ. ಲೆಡ್ ಅಯೋಡೈಡಿನ ಹಳದಿಯನ್ನು ಒಮ್ಮೆ ನೋಡಿದವರು ಅದು ಕರಗುವುದಿಲ್ಲ ಅನ್ನುವುದನ್ನು ಮರೆಯುವುದಿಲ್ಲ.

ಆ ಲೆಡ್ ಅಯೋಡೈಡನ್ನೇ ತೆಗೆದುಕೊಳ್ಳೋಣ. ಲೆಡ್ ನೈಟ್ರೇಟ್‌ಗೆ ಪೊಟ್ಯಾಸಿಯಂ ಅಯೋಡೈಡ್ ಹಾಕುತ್ತೇವೆ. ಇಲ್ಲಿ ಬಹಳ ಜನ ಎಡವುತ್ತಾರೆ. ಲೆಡ್ ಅಯೋಡೈಡಿನಲ್ಲಿ ಎರಡು ಅಯೋಡಿನ್ ಇವೆ ಅಂತ ಅದನ್ನು ಅಯೋಡಿನ್ ಅಣುವಿನ ಥರ ಒಟ್ಟಿಗೆ ಬರೆದುಬಿಡುತ್ತಾರೆ. ಬೇರಿಯಂ ಕ್ಲೋರೈಡಿನಲ್ಲೂ ಅದೇ ತಪ್ಪು, ಎರಡು ಕ್ಲೋರೈಡನ್ನು ಕ್ಲೋರಿನ್ ಅನಿಲ ಮಾಡಿ ನೀರೊಳಗೆ ಕೂರಿಸುತ್ತಾರೆ. ಸಂಕೇತದಲ್ಲಿ ಕೆಳಗೆ ಬರೆದ 2 ಅನ್ನುವುದು ಎಷ್ಟು ಅಯಾನು ಅನ್ನುವ ಲೆಕ್ಕ. ಬಿಡಿಸಿದಾಗ ಅದು ಮುಂದಕ್ಕೆ ಬರಬೇಕು:

ಲೆಡ್²⁺ + 2 ಅಯೋಡೈಡ್⁻ → ಲೆಡ್ ಅಯೋಡೈಡ್ (ಘನ)

ಸಲ್ಫೇಟ್, ನೈಟ್ರೇಟ್, ಫಾಸ್ಫೇಟ್ ಇವುಗಳನ್ನು ಮಾತ್ರ ಒಡೆಯಬೇಡಿ. ಸಲ್ಫೇಟ್ ಒಳಗಿನ ಗಂಧಕ ಮತ್ತು ಆಮ್ಲಜನಕ ಗಟ್ಟಿಯಾಗಿ ಬಂಧಗೊಂಡಿವೆ, ನೀರು ಅವುಗಳನ್ನು ಬಿಡಿಸುವುದಿಲ್ಲ. ಸಲ್ಫೇಟ್²⁻ ಒಂದೇ ಅಯಾನಾಗಿ ಓಡಾಡುತ್ತದೆ.

ಇನ್ನೊಂದು ವಿಷಯ. ಅಲ್ಯೂಮಿನಿಯಂ ಸಲ್ಫೇಟ್‌ಗೆ ಬೇರಿಯಂ ಕ್ಲೋರೈಡ್ ಹಾಕಿದ ಲೆಕ್ಕ ಮಾಡಿ ನೋಡಿ. ಹೊಡೆದುಹಾಕಿದ ಮೇಲೆ 3 ಬೇರಿಯಂ²⁺, 3 ಸಲ್ಫೇಟ್²⁻, 3 ಬೇರಿಯಂ ಸಲ್ಫೇಟ್ ಉಳಿಯುತ್ತವೆ. ಅಲ್ಲೇ ನಿಲ್ಲಿಸಬೇಡಿ. ಮೂರರಿಂದ ಭಾಗಿಸಿ. ಬೇರಿಯಂ²⁺ + ಸಲ್ಫೇಟ್²⁻ → ಬೇರಿಯಂ ಸಲ್ಫೇಟ್ (ಘನ) ಅಂತ ಬಂದಾಗಲೇ ಅದು ಸೋಡಿಯಂ ಸಲ್ಫೇಟಿನ ಜೊತೆ ನಡೆಯುವ ಅದೇ ಕ್ರಿಯೆ ಅಂತ ಕಾಣುವುದು.

ಕೊನೆಗೆ ಚಾರ್ಜ್ ಕೂಡಿಸಿ. ಎರಡೂ ಕಡೆ ಪರಮಾಣುಗಳು ಸರಿ ಇದ್ದರೆ ಸಾಲದು, ಚಾರ್ಜ್ ಕೂಡ ಸರಿ ಇರಬೇಕು. ಸೊನ್ನೆಯೇ ಆಗಬೇಕಿಲ್ಲ, ಸಮ ಇದ್ದರೆ ಸಾಕು. ಸಮ ಬರದಿದ್ದರೆ ಎಲ್ಲೋ ಸುಳ್ಳು ಬರೆದಿದ್ದೀರಿ ಅಂತಲೇ ಅರ್ಥ.

ಸೆಕೆಂಡ್ ಪಿಯುಸಿಯವರು ಸಾಲ್ಟ್ ಅನಾಲಿಸಿಸ್ ಮಾಡುತ್ತೀರಲ್ಲ, ಅಂದರೆ ಕೊಟ್ಟ ಲವಣದಲ್ಲಿ ಯಾವ ಅಯಾನುಗಳಿವೆ ಅಂತ ಗುಂಪು ಗುಂಪಾಗಿ ಪರೀಕ್ಷಿಸಿ ಕಂಡುಹಿಡಿಯುವುದು, ಅಲ್ಲಿಗೆ ಬರೋಣ. ನನ್ನ ಪ್ರಕಾರ ಇಡೀ ಸಾಲ್ಟ್ ಅನಾಲಿಸಿಸ್ ಅಂದರೆ ನಿವ್ವಳ ಅಯಾನಿಕ ಸಮೀಕರಣಗಳ ಒಂದು ಸರಣಿ. ನಿಮಗೆ ಕೊಟ್ಟ ಪುಡಿ ಲೆಡ್ ನೈಟ್ರೇಟೋ, ಲೆಡ್ ಅಸಿಟೇಟೋ, ಮೊದಲ ಗುಂಪಿನ ಪರೀಕ್ಷೆಗೆ ಅದರಿಂದ ವ್ಯತ್ಯಾಸವಿಲ್ಲ. ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗ ಹುಡುಕುತ್ತಿರುವುದು ಲೆಡ್²⁺ ಅಯಾನನ್ನು ಮಾತ್ರ. ಯಾವ ಲವಣ ಬಂದರೂ ಒಂದೇ ಪರೀಕ್ಷೆ ಸಾಕಾಗುವುದು ಇದರಿಂದಲೇ. ಲವಣಗಳು ನೂರಾರು, ಪರೀಕ್ಷೆಗಳು ಕೆಲವೇ.

ಮೂರನೇ ಗುಂಪು ನೋಡಿ. ಅಲ್ಯೂಮಿನಿಯಂಗೆ ಅಮೋನಿಯಂ ಹೈಡ್ರಾಕ್ಸೈಡ್ ಹಾಕುತ್ತೇವೆ, ಜೆಲ್ಲಿಯಂಥ ಬಿಳಿ ಪ್ರಕ್ಷೇಪ ಬರುತ್ತದೆ. ಸಾಮಾನ್ಯವಾಗಿ ಹೀಗೆ ಬರೆಯುತ್ತೀರಿ: ಅಲ್ಯೂಮಿನಿಯಂ³⁺ + 3 ಹೈಡ್ರಾಕ್ಸೈಡ್⁻ → ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಸೋಡಿಯಂ ಹೈಡ್ರಾಕ್ಸೈಡ್ ಹಾಕಿದ್ದರೆ ಇದು ಸರಿ. ಅಮೋನಿಯಾ ಹಾಕಿದಾಗ ಅಷ್ಟು ಸರಿಯಲ್ಲ. ಅಮೋನಿಯಾ ದುರ್ಬಲ ಪ್ರತ್ಯಾಮ್ಲ. ಬಾಟಲಿಯ ಮೇಲೆ ಅಮೋನಿಯಂ ಹೈಡ್ರಾಕ್ಸೈಡ್ ಅಂತ ಚೀಟಿ ಇದ್ದರೂ ಒಳಗಿರುವ ಬಹುಪಾಲು ಅಮೋನಿಯಾ ಅಣುಗಳೇ. ಇದ್ದದ್ದನ್ನು ಇದ್ದಂತೆ ಬರೆದರೆ:

ಅಲ್ಯೂಮಿನಿಯಂ³⁺ + 3 ಅಮೋನಿಯಾ + 3 ನೀರು → ಅಲ್ಯೂಮಿನಿಯಂ ಹೈಡ್ರಾಕ್ಸೈಡ್ (ಘನ) + 3 ಅಮೋನಿಯಂ⁺

ಚಾರ್ಜ್ ನೋಡಿ, ಎಡಕ್ಕೆ ಮೂರು ಧನ, ಬಲಕ್ಕೂ ಮೂರು ಧನ. ಸೊನ್ನೆ ಅಲ್ಲ, ಆದರೂ ಸಮ. ಈ ಒಂದು ಸಾಲು ಲ್ಯಾಬಿನ ಎಷ್ಟೋ ಪ್ರಶ್ನೆಗೆ ಉತ್ತರ ಕೊಡುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಯಾಕೆ ಬೇಡ? ಅದು ಜಾಸ್ತಿಯಾದರೆ ಹೈಡ್ರಾಕ್ಸೈಡ್⁻ ತುಂಬಿಹೋಗಿ ಬಂದ ಪ್ರಕ್ಷೇಪವೇ ಮತ್ತೆ ಕರಗುತ್ತದೆ. ಅಮೋನಿಯಂ ಕ್ಲೋರೈಡ್ ಯಾಕೆ ಮೊದಲೇ ಹಾಕುತ್ತೇವೆ? ಅಮೋನಿಯಂ⁺ ಹೆಚ್ಚಿಸಿದರೆ ಅಮೋನಿಯಾ ಕೊಡುವ ಹೈಡ್ರಾಕ್ಸೈಡ್⁻ ಇನ್ನೂ ಕಡಿಮೆಯಾಗುತ್ತದೆ, ಆಗ ಅಲ್ಯೂಮಿನಿಯಂ, ಕಬ್ಬಿಣದಂಥ ತೀರಾ ಕರಗದ ಹೈಡ್ರಾಕ್ಸೈಡ್ ಮಾತ್ರ ಬೀಳುತ್ತದೆ, ಮೆಗ್ನೀಷಿಯಂ ನೀರಿನಲ್ಲೇ ಉಳಿದು ಮುಂದಿನ ಗುಂಪುಗಳಿಗೆ ಹೋಗುತ್ತದೆ. ಇದನ್ನು ಅರ್ಥ ಮಾಡಿಕೊಂಡವರಿಗೆ ವೈವಾದಲ್ಲಿ ಹೆದರಿಕೆ ಇರುವುದಿಲ್ಲ.

ಕ್ಲೋರೈಡ್ ಪರೀಕ್ಷೆಗೆ ಮೊದಲು ತೆಳು ನೈಟ್ರಿಕ್ ಆಮ್ಲ ಹಾಕಿ ಅಂತ ಹೇಳುತ್ತಾರಲ್ಲ, ಅದೂ ಅಷ್ಟೇ. ಕಾರ್ಬೊನೇಟ್ ಇದ್ದರೆ ಅದೂ ಸಿಲ್ವರ್ ಜೊತೆ ಸೇರಿ ಪ್ರಕ್ಷೇಪ ಕೊಡುತ್ತದೆ. ಆಮ್ಲ ಅದನ್ನು ಮೊದಲೇ ಅನಿಲ ಮಾಡಿ ಕಳಿಸಿಬಿಡುತ್ತದೆ. ನೈಟ್ರಿಕ್ ಆಮ್ಲವೇ ಯಾಕೆ ಅಂದರೆ ನೈಟ್ರೇಟ್ ಯಾರ ತಂಟೆಗೂ ಹೋಗುವುದಿಲ್ಲ. ಹೈಡ್ರೋಕ್ಲೋರಿಕ್ ಹಾಕಿದರೆ ನಾವೇ ಕ್ಲೋರೈಡ್ ಸೇರಿಸಿದಂತಾಗುತ್ತದೆ. ಒಳ್ಳೆಯ ಪ್ರೇಕ್ಷಕನನ್ನು ಆರಿಸುವುದು ಕೂಡ ಒಂದು ಕೌಶಲ.

ಪ್ರೇಕ್ಷಕರೇ ಇಲ್ಲದ ಕ್ರಿಯೆಯೂ ಇದೆ. ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು. ಬೇರಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಎರಡು ಕಡ್ಡಿ ಇಟ್ಟು, ಬ್ಯಾಟರಿ ಮತ್ತು ಸಣ್ಣ ಬಲ್ಬ್ ಜೋಡಿಸಿ. ಬಲ್ಬ್ ಉರಿಯುತ್ತದೆ. ಈಗ ತೆಳು ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಬಿಡಿ. ಬಲ್ಬ್ ಮಂಕಾಗುತ್ತಾ ಹೋಗುತ್ತದೆ, ಒಂದು ಹಂತದಲ್ಲಿ ಪೂರ್ತಿ ಆರುತ್ತದೆ. ಯಾಕಂದ್ರೆ ಬೇರಿಯಂ ಮತ್ತು ಸಲ್ಫೇಟ್ ಘನವಾಗಿ ಕೆಳಗೆ ಕೂತವು, ಹೈಡ್ರೋಜನ್ ಮತ್ತು ಹೈಡ್ರಾಕ್ಸೈಡ್ ನೀರಾದವು. ಕರೆಂಟ್ ಹೊರಲು ಯಾರೂ ಉಳಿದಿಲ್ಲ. ಇನ್ನೂ ಆಮ್ಲ ಬಿಟ್ಟರೆ ಬಲ್ಬ್ ಮತ್ತೆ ಹೊತ್ತಿಕೊಳ್ಳುತ್ತದೆ.

ಬೇರಿಯಂ ಹೈಡ್ರಾಕ್ಸೈಡ್ ಕೈಗೆ, ಬಾಯಿಗೆ ತಾಗಬಾರದು. ಬೇರಿಯಂ ಅಯಾನು ವಿಷ. ಆದರೆ ಹೊಟ್ಟೆಯ ಎಕ್ಸ್‌ರೇಗೆ ಮುಂಚೆ ಆಸ್ಪತ್ರೆಯಲ್ಲಿ ಕುಡಿಸುವ ಬಿಳಿ ಗಂಜಿಯಂಥದ್ದು ಬೇರಿಯಂ ಸಲ್ಫೇಟೇ! ಒಂದು ಲೀಟರ್ ನೀರಿನಲ್ಲಿ 2-3 ಮಿಲಿಗ್ರಾಂ ಮಾತ್ರ ಕರಗುವ ಘನ ಅದು. ಅಯಾನು ಹೊರಬರುವುದೇ ಇಲ್ಲ ಅನ್ನಬಹುದು, ಹಾಗಾಗಿ ವಿಷವೂ ಆಗುವುದಿಲ್ಲ. ಕರಗುವ ಬೇರಿಯಂ ಲವಣ ಯಾರಾದರೂ ನುಂಗಿದರೆ ವೈದ್ಯರು ಸಲ್ಫೇಟ್ ಲವಣ ಕೊಡುವುದೂ ಇದೇ ಸಮೀಕರಣದ ಬಲದ ಮೇಲೆ.

ಈಗ ನಮ್ಮೂರ ನೀರಿಗೆ ಬರುತ್ತೇನೆ. ಭದ್ರಾ ನಾಲೆಯ ನೀರಿಗೂ ಬೋರಿನ ನೀರಿಗೂ ವ್ಯತ್ಯಾಸ ನಿಮ್ಮ ಮನೆಯಲ್ಲಿ ಬಟ್ಟೆ ಒಗೆಯುವವರಿಗೆ ಚೆನ್ನಾಗಿ ಗೊತ್ತು. ಗಡಸು ನೀರಿನಲ್ಲಿ ಸೋಪು ನೊರೆ ಬರುವ ಬದಲು ಜಿಗುಟಾದ ಬಿಳಿ ಕೆನೆ ಕಟ್ಟುತ್ತದೆ. ಅದೂ ಪ್ರಕ್ಷೇಪವೇ, ಸ್ಟಿಯರೇಟ್ ಅನ್ನುವುದು ಸೋಪಿನ ಅಯಾನು:

ಕ್ಯಾಲ್ಸಿಯಂ²⁺ + 2 ಸ್ಟಿಯರೇಟ್⁻ → ಕ್ಯಾಲ್ಸಿಯಂ ಸ್ಟಿಯರೇಟ್ (ಘನ)

ಸೋಪಿನ ಸೋಡಿಯಂ ಇಲ್ಲಿ ಪ್ರೇಕ್ಷಕ. ನೀರಿಗೆ ವಾಷಿಂಗ್ ಸೋಡಾ ಹಾಕಿದರೆ ಕ್ಯಾಲ್ಸಿಯಂ ಮೊದಲೇ ಕಾರ್ಬೊನೇಟ್ ಜೊತೆ ಬೀಳುತ್ತದೆ, ಸೋಪು ಉಳಿಯುತ್ತದೆ. ಸ್ನಾನದ ಹಂಡೆಯಲ್ಲಿ, ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರ ಇದು:

ಕ್ಯಾಲ್ಸಿಯಂ²⁺ + 2 ಬೈಕಾರ್ಬೊನೇಟ್⁻ → ಕ್ಯಾಲ್ಸಿಯಂ ಕಾರ್ಬೊನೇಟ್ (ಘನ) + ನೀರು + ಕಾರ್ಬನ್ ಡೈಆಕ್ಸೈಡ್

ಕ್ಯಾಲ್ಸಿಯಂ ಬೈಕಾರ್ಬೊನೇಟ್ ಅನ್ನುವ ಪುಡಿಯನ್ನು ಯಾವ ಬಾಟಲಿಯಲ್ಲೂ ನೀವು ಕಾಣಲಾರಿರಿ. ನೀರಿನಲ್ಲಿ ಈ ಎರಡು ಅಯಾನು ಇವೆ, ಅಷ್ಟೇ. ಆ ಪದರ ತೆಗೆಯಲು ವಿನೆಗರ್ ಹಾಕುತ್ತಾರಲ್ಲ, ಆ ಸಮೀಕರಣ ಬರೆಯುವಾಗ ಎಚ್ಚರ. ಅಸಿಟಿಕ್ ಆಮ್ಲ ದುರ್ಬಲ, ಅದನ್ನು ಬಿಡಿಸಬೇಡಿ. ಕ್ಯಾಲ್ಸಿಯಂ ಕಾರ್ಬೊನೇಟ್ ಘನ, ಅದನ್ನೂ ಬಿಡಿಸಬೇಡಿ. ಬಲಗಡೆ ಹುಟ್ಟುವ ಕ್ಯಾಲ್ಸಿಯಂ²⁺ ಮತ್ತು 2 ಅಸಿಟೇಟ್⁻ ಮಾತ್ರ ಬಿಡಿ. ಹೊಡೆದುಹಾಕಲು ಏನೂ ಸಿಗುವುದಿಲ್ಲ, ಸಿಗದಿರುವುದೇ ಸರಿ.

ಫ್ಲೋರೈಡ್ ವಿಷಯ ಇದಕ್ಕಿಂತ ಗಂಭೀರ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ ಬಂದವರು ಇಲ್ಲಿ ಇದ್ದೀರಿ. ಹಲ್ಲಿನ ಮೇಲೆ ಕಂದು ಕಲೆ, ವಯಸ್ಸಾದವರಲ್ಲಿ ಬಗ್ಗದ ಮಂಡಿ, ಸೊಂಟ, ಇದನ್ನು ನಾನು ವಿವರಿಸಬೇಕಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲವೇ ಇಲ್ಲ ಅಂದರೆ 1.5ರವರೆಗೆ ಆಗಬಹುದು ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ಒಂದು ಕಾಲೇಜಿನ ಹುಡುಗಿ ಹಿಂದೊಮ್ಮೆ ಒಳ್ಳೆಯ ಪ್ರಶ್ನೆ ಕೇಳಿದ್ದಳು. "ಸರ್, ಕ್ಯಾಲ್ಸಿಯಂ ಫ್ಲೋರೈಡ್ ಕರಗಲ್ಲ ಅಂತೀರಲ್ಲ, ಹಾಗಾದ್ರೆ ನೀರಿಗೆ ಸುಣ್ಣ ಹಾಕಿದ್ರೆ ಮುಗೀತಲ್ವಾ?"

ಸಮೀಕರಣ ಅವಳ ಪರವಾಗಿಯೇ ಇದೆ:

ಕ್ಯಾಲ್ಸಿಯಂ²⁺ + 2 ಫ್ಲೋರೈಡ್⁻ → ಕ್ಯಾಲ್ಸಿಯಂ ಫ್ಲೋರೈಡ್ (ಘನ)

ಲೆಕ್ಕ ಮಾತ್ರ ಪರವಾಗಿಲ್ಲ. ಕ್ಯಾಲ್ಸಿಯಂ ಫ್ಲೋರೈಡಿನ ವಿಲೀನತಾ ಗುಣಲಬ್ಧ, ಅಂದರೆ ಅದರ ಅಯಾನುಗಳು ನೀರಿನಲ್ಲಿ ಎಷ್ಟರವರೆಗೆ ಒಟ್ಟಿಗೆ ಇರಬಹುದು ಅನ್ನುವ ಮಿತಿಯ ಸಂಖ್ಯೆ, ಸುಮಾರು 3.9 × 10⁻¹¹. ಶುದ್ಧ ನೀರಿನಲ್ಲಿ ಅದು ಕರಗುವಷ್ಟು ಕರಗಿದರೆ ಫ್ಲೋರೈಡ್ ಲೀಟರಿಗೆ ಸುಮಾರು 8 ಮಿಲಿಗ್ರಾಂ ಇರುತ್ತದೆ. ನಮಗೆ ಬೇಕಾಗಿರುವುದು 1.5ಕ್ಕಿಂತ ಕಡಿಮೆ. ಕ್ಯಾಲ್ಸಿಯಂ ಲೀಟರಿಗೆ 100 ಮಿಲಿಗ್ರಾಂ ಇದ್ದಾಗಲೂ ಸುಮಾರು 2.4 ಮಿಲಿಗ್ರಾಂ ಫ್ಲೋರೈಡ್ ನೀರಿನಲ್ಲೇ ಇರಬಹುದು. ಕರಗುವುದಿಲ್ಲ ಅನ್ನುವ ಮಾತಿಗೆ ಒಂದು ಮಿತಿ ಇದೆ. ನಿವ್ವಳ ಸಮೀಕರಣ ಏನು ನಡೆಯುತ್ತದೆ ಅಂತ ಹೇಳುತ್ತದೆ, ಎಷ್ಟರವರೆಗೆ ನಡೆಯುತ್ತದೆ ಅಂತ ಹೇಳುವುದಿಲ್ಲ. ಅದಕ್ಕೆ ಆ ಗುಣಲಬ್ಧ ಬೇಕೇ ಬೇಕು. ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸುಣ್ಣದ ಜೊತೆ ಪಟಿಕವನ್ನೂ ಹಾಕುವುದು ಇದಕ್ಕೇ. ಪಟಿಕದಿಂದ ಹುಟ್ಟುವ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಜೆಲ್ಲಿ ಫ್ಲೋರೈಡನ್ನು ಹಿಡಿದುಕೊಂಡು ಕೆಳಗೆ ಕೂರುತ್ತದೆ. ಮೂರನೇ ಗುಂಪಿನಲ್ಲಿ ನೋಡಿದ ಅದೇ ಪ್ರಕ್ಷೇಪ.

ಇದೇ ಸಮೀಕರಣವನ್ನು ಹಿಂದುಮುಂದು ಓದಿದರೆ ಇನ್ನೊಂದು ವಿಷಯ ಕಾಣುತ್ತದೆ. ಫ್ಲೋರೈಡ್ ಜಾಸ್ತಿ ಇರುವ ಅಂತರ್ಜಲದಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಮತ್ತು ಬೈಕಾರ್ಬೊನೇಟ್ ಜಾಸ್ತಿ. ಬೈಕಾರ್ಬೊನೇಟ್ ಕ್ಯಾಲ್ಸಿಯಮ್ಮನ್ನು ಕಾರ್ಬೊನೇಟ್ ಮಾಡಿ ಎಳೆದುಕೊಂಡರೆ ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಬಿಡುಗಡೆಯಾಗುತ್ತದೆ. ಹಾಗಾಗಿ ಸೋಪು ಚೆನ್ನಾಗಿ ನೊರೆ ಬರುವ ಬೋರಿನ ನೀರು ಕುಡಿಯಲೂ ಒಳ್ಳೆಯದು ಅಂತ ನಂಬಬೇಡಿ. ಪರೀಕ್ಷೆ ಮಾಡಿಸಿ.

ನೀರಿನ ಲ್ಯಾಬಿನಲ್ಲಿ ಕ್ಲೋರೈಡ್ ಅಳೆಯುವುದನ್ನು ಅವಕಾಶ ಸಿಕ್ಕರೆ ಹೋಗಿ ನೋಡಿ. 1856ರಲ್ಲಿ ಜರ್ಮನಿಯ ಮೋರ್ ಕೊಟ್ಟ ವಿಧಾನ, ಈಗಲೂ ಬಳಕೆಯಲ್ಲಿದೆ. ನೀರಿಗೆ ಸ್ವಲ್ಪ ಪೊಟ್ಯಾಸಿಯಂ ಕ್ರೋಮೇಟ್ ಹಾಕಿ ಹಳದಿ ಮಾಡುತ್ತಾರೆ, ಬ್ಯುರೆಟ್ಟಿನಿಂದ ಸಿಲ್ವರ್ ನೈಟ್ರೇಟ್ ಬಿಡುತ್ತಾರೆ. ಕ್ಲೋರೈಡ್ ಇರುವವರೆಗೆ ಸಿಲ್ವರ್ ಅದರ ಜೊತೆ ಬಿಳಿಯಾಗಿ ಬೀಳುತ್ತದೆ. ಕ್ಲೋರೈಡ್ ಮುಗಿದ ಮೇಲೆ ಬರುವ ಹನಿ ಕ್ರೋಮೇಟ್ ಜೊತೆ ಸೇರುತ್ತದೆ, 2 ಸಿಲ್ವರ್⁺ + ಕ್ರೋಮೇಟ್²⁻ → ಸಿಲ್ವರ್ ಕ್ರೋಮೇಟ್ (ಘನ), ನೀರು ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ಎರಡು ನಿವ್ವಳ ಸಮೀಕರಣ, ಒಂದು ಮುಗಿದು ಇನ್ನೊಂದು ಶುರುವಾಗುವ ಗಳಿಗೆಯೇ ಉತ್ತರ. ಆ ನೀರಿನಲ್ಲಿ ಕ್ಲೋರೈಡ್ ಸೋಡಿಯಂ ಜೊತೆ ಬಂದಿತ್ತೋ ಮೆಗ್ನೀಷಿಯಂ ಜೊತೆ ಬಂದಿತ್ತೋ, ಯಾರೂ ಕೇಳುವುದಿಲ್ಲ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಸೇರಿಸುತ್ತೇನೆ.

"ಸರ್, ನಿವ್ವಳ ಸಮೀಕರಣವೇ ನಿಜ ಅಂದ್ರೆ ಮೊದಲಿನ ಉದ್ದದ ಸಮೀಕರಣ ಯಾಕೆ ಬರೀಬೇಕು?" ಬೇಕು. ಬಾಟಲಿಯಿಂದ ಬರೀ ಸಿಲ್ವರ್ ಅಯಾನನ್ನು ಚಮಚದಲ್ಲಿ ತೆಗೆಯಲು ಆಗುವುದಿಲ್ಲ. ಅದರ ಚಾರ್ಜಿಗೆ ಸರಿಯಾಗಿ ಒಂದು ಋಣ ಅಯಾನು ಜೊತೆಗೆ ಬಂದೇ ಬರುತ್ತದೆ. ತಕ್ಕಡಿಯಲ್ಲಿ ಎಷ್ಟು ಗ್ರಾಂ ಸಿಲ್ವರ್ ನೈಟ್ರೇಟ್ ತೂಗಬೇಕು ಅಂತ ತಿಳಿಯಲು ಉದ್ದದ ಸಮೀಕರಣ ಬೇಕು. ಸೋಸಿದ ನೀರನ್ನು ಆವಿ ಮಾಡಿದರೆ ಕೊನೆಗೆ ಏನು ಸಿಗುತ್ತದೆ ಅನ್ನುವುದಕ್ಕೂ ಅದೇ ಬೇಕು. ಆ ಸೋಡಿಯಂ ನೈಟ್ರೇಟ್ ಘನವಾಗಿ ಹುಟ್ಟುವುದು ನೀರು ಹೋದ ಮೇಲೆ.

ಇನ್ನೊಂದು ಪ್ರಶ್ನೆ ಒಬ್ಬ ಶಿಕ್ಷಕಿಯದು. ಕಾಪರ್ ಸಲ್ಫೇಟ್ ಮತ್ತು ಬೇರಿಯಂ ಹೈಡ್ರಾಕ್ಸೈಡ್ ಬೆರೆಸಿದರೆ ಮಕ್ಕಳು ಒಂದೇ ಪ್ರಕ್ಷೇಪ ಬರೆದು ಬಿಡುತ್ತಾರೆ, ಹೇಗೆ ತಿದ್ದುವುದು ಅಂತ ಕೇಳಿದರು. ಮೇಡಂ, ಮೊದಲು ಬೆರೆಸಿ ತೋರಿಸಿ ಅಂದೆ. ನೀಲಿ ಕಾಪರ್ ಹೈಡ್ರಾಕ್ಸೈಡೂ ಬಿಳಿ ಬೇರಿಯಂ ಸಲ್ಫೇಟೂ ಒಟ್ಟಿಗೆ ಬೀಳುತ್ತವೆ. ಅದನ್ನು ಸೋಸಿ, ಕೆಳಗೆ ಬಂದ ತಿಳಿನೀರನ್ನು ಮಕ್ಕಳಿಗೆ ತೋರಿಸಿ. ಎರಡನ್ನೂ ಸರಿಯಾದ ಪ್ರಮಾಣದಲ್ಲಿ ಬೆರೆಸಿದ್ದರೆ ಅದರಲ್ಲಿ ನೀಲಿ ಬಣ್ಣ ಇರುವುದಿಲ್ಲ, ಬಲ್ಬ್ ಕೂಡ ಉರಿಯುವುದಿಲ್ಲ. ನೀರಿನಲ್ಲಿ ಏನು ಉಳಿದಿದೆ ಅಂತ ಆಗ ಕೇಳಿ, ಸಮೀಕರಣ ಆಮೇಲೆ ಬರೆಸಿ.